ಮೇಲ್ಮನೆಯ ತಿದ್ದುಪಡಿ

ಮಕ್ಕಳ ಹುಟ್ಟುಹಬ್ಬಕ್ಕೆ ಬಲೂನು ಕಟ್ಟುವ ಪದ್ಧತಿಯನ್ನು ಯಾವ ಪುಣ್ಯಾತ್ಮ ಕಂಡುಹಿಡಿದನೋ, ನನ್ನಷ್ಟು ಹೆದರುವ ಅತಿಥಿ ಅವನ ಕಲ್ಪನೆಯಲ್ಲೂ ಇದ್ದಿರಲಾರ. ಬಹರೈನಿನ ನಮ್ಮವರ ಮನೆಗಳಲ್ಲಿ ಹುಟ್ಟುಹಬ್ಬಗಳಿಗೆ ಬರಗಾಲವಿಲ್ಲ. ನಾನು ಉಡುಗೊರೆ ಕೊಟ್ಟು, ಮಗುವಿನ ಕೆನ್ನೆ ಸವರಿ, ಮೆಲ್ಲನೆ ಅಡುಗೆಮನೆಯ ಕಡೆ ಜಾರುತ್ತೇನೆ. ನಾನು ಪರೋಪಕಾರಿ ಎಂದು ಕೆಲವು ಗೃಹಿಣಿಯರೂ, ಹೊಟ್ಟೆಬಾಕ ಎಂದು ಉಳಿದವರೂ ತಿಳಿದಿದ್ದಾರೆ. ಬಲೂನು ಒಡೆಯುವ ಹೊತ್ತಿಗೆ ನನಗೂ ಅದಕ್ಕೂ ನಡುವೆ ಒಂದು ಗೋಡೆ ಇರಲಿ ಎಂಬುದಷ್ಟೇ ನನ್ನ ಆಸೆ. ಪದವಿ ಪಡೆದ ಗಂಡಸು, ಶತಮಾನ ಮುಗಿಯುತ್ತ ಬಂದ ಈ ಕಾಲದಲ್ಲಿ, ಗಾಳಿ ತುಂಬಿದ ರಬ್ಬರಿಗೆ ಹೆದರುವುದೆಂದರೆ ಏನು ಎಂದು ನೀವು ಕೇಳಬಹುದು. ಕಾರಣ ಪ್ರಜಾಪ್ರಭುತ್ವ.

ನಮ್ಮ ಸ್ಥಿತಿ ನಿಮಗೆ ಗೊತ್ತಿರುವುದೇ. ಈ ದೇಶದಲ್ಲಿ ನಾವು ವೀಸಾ ಇರುವವರೆಗಿನ ಅತಿಥಿಗಳು. ಊರಿನಲ್ಲಿ ಚುನಾವಣೆ ಬಂದರೆ ನಮ್ಮ ಮತವನ್ನು ಯಾರು ಹಾಕುತ್ತಾರೋ ದೇವರಿಗೇ ಗೊತ್ತು. ಎಲ್ಲಿಯೂ ಮತವಿಲ್ಲದವನಿಗೆ ಅಭಿಪ್ರಾಯಗಳು ಅಜೀರ್ಣದಂತೆ ಸೇರಿಕೊಳ್ಳುತ್ತವೆ. ಆದ್ದರಿಂದ ನಮ್ಮ ಕನ್ನಡ ಸಂಘದವರು ಕಳೆದ ಚಳಿಗಾಲದಲ್ಲಿ ಒಂದು ಅಣಕು ಶಾಸನಸಭೆ ನಡೆಸುವುದೆಂದು ನಿರ್ಧರಿಸಿದಾಗ ಪಾತ್ರಧಾರಿಗಳಿಗೆ ಕೊರತೆಯಾಗಲಿಲ್ಲ. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಓದಿದ ತಪ್ಪಿಗೆ ನನ್ನನ್ನು ಸಭಾಧ್ಯಕ್ಷನನ್ನಾಗಿ ಮಾಡಿದರು.

ಕಷ್ಟವಾದದ್ದು ಮಸೂದೆಯ ವಿಷಯ ಹುಡುಕುವುದು. ಸಂಬಳ ಎಂದರೆ ಮಾಲೀಕರಿಗೆ ನೋವು, ಭಾಷೆ ಎಂದರೆ ಮನೆಯಲ್ಲಿ ತುಳು ಮಾತಾಡುವವರಿಗೂ ಕೊಂಕಣಿ ಮಾತಾಡುವವರಿಗೂ ಜಗಳ. ಕೊನೆಗೆ, ರಾಜ್ಯದ ಪ್ರಜೆಗಳು ಆತ್ಮರಕ್ಷಣೆಗಾಗಿ ಕೋವಿ ಹೊತ್ತು ತಿರುಗಲು ಅವಕಾಶ ಕೊಡುವ ಮಸೂದೆ ಎಂದು ತೀರ್ಮಾನವಾಯಿತು. ನಮ್ಮ ಯಾರ ಬಳಿಯೂ ಕೋವಿ ಇರಲಿಲ್ಲ. ಹಾಗಾಗಿ ಯಾರಿಗೂ ಅಪಾಯವಿಲ್ಲ ಎಂಬುದು ನಮ್ಮ ತರ್ಕ.

ಗೃಹಮಂತ್ರಿಯ ಪಾತ್ರ ಸದಾನಂದನದು. ಹಮದ್ ಟೌನಿನ ಮನೆಗಳ ಏಸಿ ರಿಪೇರಿ ಮಾಡುವ ಈ ಕಾರ್ಕಳದ ಹುಡುಗನಿಗೆ ಆಗಷ್ಟೇ ಹೆಂಡತಿಯನ್ನೂ ಕೂಸನ್ನೂ ಕರೆಸಿಕೊಳ್ಳುವ ವೀಸಾ ಸಿಕ್ಕಿತ್ತು. ಮುಂದಿನ ವಾರ ಅವರ ವಿಮಾನ. ಆ ಸಂಭ್ರಮದಲ್ಲಿ ಅವನು ಮಂತ್ರಿಯಷ್ಟೇ ಏಕೆ, ರಾಜ್ಯಪಾಲನಾಗಲೂ ಸಿದ್ಧನಿದ್ದ. ವಿರೋಧ ಪಕ್ಷದ ನಾಯಕ ಹೋಟೆಲ್ ಮ್ಯಾನೇಜರ್ ಭಂಡಾರಿ. ಹೆಂಗಸರನ್ನೆಲ್ಲ ಒಂದು ಪಕ್ಕ ಕೂರಿಸಿ ಅದಕ್ಕೆ ವಿಧಾನ ಪರಿಷತ್ತು ಎಂದು ಹೆಸರಿಟ್ಟೆವು. ಆಸ್ಪತ್ರೆಯಲ್ಲಿ ಹಿರಿಯ ನರ್ಸ್ ಆಗಿರುವ ಜಲಜಕ್ಕ ಅದರ ಸಭಾಪತಿ. ಮೇಲ್ಮನೆಯವರು ಮಸೂದೆಯನ್ನು ತಡಮಾಡಬಹುದೇ ಹೊರತು ತಡೆಯುವಂತಿಲ್ಲ ಎಂದು ನಾನು ವಿವರಿಸಿದಾಗ ಜಲಜಕ್ಕ ಸೆರಗು ಸರಿಪಡಿಸಿಕೊಂಡು, "ಗೊತ್ತುಂಟು ಮಾರಾಯ್ರೆ, ಮನೆಯಲ್ಲಿಯೂ ನಮಗೆ ಅದೇ ಪವರು" ಎಂದರು.

ಶುಕ್ರವಾರ ಮಧ್ಯಾಹ್ನ, ಊಟದ ಮೇಲೆ, ಮನಾಮದ ಬಾಡಿಗೆ ಹಾಲಿನಲ್ಲಿ ಸದನ ಸೇರಿತು. ಮಸೂದೆಯೊಂದು ಸಾಗುವ ದಾರಿ ದಿಬ್ಬಣದ ದಾರಿಯಂತೆ. ಮದುಮಗನಿಗಿಂತ ನಡುವೆ ನಿಲ್ಲಿಸುವವರೇ ಹೆಚ್ಚು. ಮೊದಲ ಓದು ಚಪ್ಪಾಳೆಯಲ್ಲಿ ಮುಗಿಯಿತು. ಆಯುಧವೆಂಬುದು ಕೇಂದ್ರ ಸರ್ಕಾರದ ವಿಷಯ, ರಾಜ್ಯಕ್ಕೆ ಕೈಹಾಕುವ ಹಕ್ಕಿಲ್ಲ ಎಂದು ಒಬ್ಬ ಸದಸ್ಯರು ಆಕ್ಷೇಪಿಸಿದರು. ಕೇಂದ್ರವು ಸಮುದ್ರದಾಚೆ ಇರುವುದರಿಂದ ಸದ್ಯಕ್ಕೆ ಬಾಧೆಯಿಲ್ಲವೆಂದು ನಾನು ರೂಲಿಂಗ್ ಕೊಟ್ಟೆ. ಮಸೂದೆ ಪರಿಶೀಲನಾ ಸಮಿತಿಗೆ ಹೋಗಿ, ಸಮಿತಿಯವರು ಚಹಾ ಕುಡಿದು, ಅದು ಹಿಂದಕ್ಕೆ ಬಂತು. ಎರಡನೆಯ ಓದಿನಲ್ಲಿ ಕಲಮು ಕಲಮಿಗೂ ತಿದ್ದುಪಡಿಗಳು: ದೇವಸ್ಥಾನದಲ್ಲಿ ಕೋವಿ ಕೂಡದು, ಬಸ್ಸಿನಲ್ಲಿ ಕೋವಿಗೆ ಅರ್ಧ ಟಿಕೆಟ್, ಗ್ರಾಮಸಭೆಗೆ ಬರುವವರು ಚಪ್ಪಲಿಯ ಜೊತೆಗೆ ಕೋವಿಯನ್ನೂ ಹೊರಗಿಡಬೇಕು. ನನ್ನ ಆರ್ಡರ್ ಆರ್ಡರ್ ಎಂಬ ಕೂಗನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆ ಮಟ್ಟಿಗೆ ನಮ್ಮ ಸದನ ಅಸಲಿಯಂತೆಯೇ ಇತ್ತು. ಮೂರನೆಯ ಓದಿನಲ್ಲಿ ಧ್ವನಿಮತದಿಂದ ಅಂಗೀಕಾರವಾಗಿ ಮಸೂದೆ ಮೇಲ್ಮನೆಗೆ ಹೋಯಿತು. ಅಲ್ಲಿಂದ ಒಂದೇ ಒಂದು ತಿದ್ದುಪಡಿಯೊಡನೆ ಮರಳಿತು: ಕೋವಿ ಗಂಡನ ಬಳಿ ಇರಬಹುದು, ಗುಂಡು ಹೆಂಡತಿಯ ಬಳಿ ಇರತಕ್ಕದ್ದು.

ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಈಸಾ ಟೌನಿನ ಕಡೆಯ ಯಾರೋ ಆಟದ ಮಾಸ್ತರರಿಂದ ಓಟದ ಪಂದ್ಯ ಶುರುಮಾಡಲು ಬರೀ ಸದ್ದು ಹೊರಡಿಸುವ ಪಿಸ್ತೂಲನ್ನು ಸದಾನಂದ ಕಡ ತಂದಿದ್ದನೆಂಬುದು ನಮಗೆ ತಿಳಿದದ್ದು ಆಗ. ಅವನು ಅದನ್ನು ಕೋಟಿನ ಜೇಬಿನಿಂದ ಹೊರತೆಗೆದು ಎತ್ತಿಹಿಡಿದ.

"ಗುಂಡಿಲ್ಲದ ಕೋವಿಯಿಂದ ಎಂಥ ಪ್ರಯೋಜನ ಅಧ್ಯಕ್ಷರೇ? ಹೀಗೆ ಟಿಕ್ ಅಂತದೆ, ಅಷ್ಟೆ."

"ಮಂತ್ರಿಗಳಿಗೆ ಅದರ ಬಾಯಿ ಯಾವುದು, ಬಾಲ ಯಾವುದು ಅಂತಾದ್ರೂ ಗೊತ್ತುಂಟಾ?" ಎಂದರು ಭಂಡಾರಿ.

ಸದಾನಂದ ಪಿಸ್ತೂಲಿನ ಕುದುರೆ ಎಳೆದ. ಅದು ಟಿಕ್ ಅನ್ನಲಿಲ್ಲ.

ಮುಚ್ಚಿದ ಹಾಲಿನಲ್ಲಿ ಆ ಶಬ್ದ ಎಷ್ಟು ದೊಡ್ಡದೆಂದು ಬರೆಯಲು ನನಗೆ ಬಾರದು. ಗಲಭೆಗಳಿಂದಾಗಿ ಮನಾಮ ಸ್ವಲ್ಪ ಬಿಗುವಾಗಿದ್ದ ದಿನಗಳವು. ರಸ್ತೆಯ ತಿರುವಿನಲ್ಲಿ ಪೊಲೀಸರ ಜೀಪು ನಿಂತಿರುತ್ತಿತ್ತು. ಹೊಗೆ ಇನ್ನೂ ಆರಿರಲಿಲ್ಲ, ಬಾಗಿಲು ಗೋಡೆಗೆ ಬಡಿದು ತೆರೆದುಕೊಂಡಿತು. ಇಬ್ಬರು ಪೊಲೀಸರು, ಇಬ್ಬರ ಕೈಯಲ್ಲೂ ಬಂದೂಕು. ಸದಾನಂದ ಬೊಂಬೆಯಂತೆ ನಿಂತಿದ್ದ, ಪಿಸ್ತೂಲು ಎತ್ತಿದ ಕೈಯಲ್ಲೇ ಇತ್ತು. ಎದುರಿನ ಪೊಲೀಸನ ಬಂದೂಕು ನಿಧಾನವಾಗಿ ಮೇಲೇರಿ ಅವನ ಎದೆಯ ಮಟ್ಟದಲ್ಲಿ ನಿಂತಿತು. ಪೊಲೀಸನೂ ಎಳೆಯ ವಯಸ್ಸಿನವನು. ಅವನ ಬೆರಳು ನಡುಗುತ್ತಿದ್ದುದು ಎತ್ತರದ ಕುರ್ಚಿಯಲ್ಲಿದ್ದ ನನಗೆ ಕಾಣುತ್ತಿತ್ತು. ಎಸೆ ಎನ್ನಬೇಕೆಂದು ಬಾಯಿ ತೆರೆದೆ. ಮಧ್ಯಾಹ್ನವೆಲ್ಲ ಅರಚಿದ ಕಂಠದಿಂದ ಒಂದಕ್ಷರವೂ ಹೊರಡಲಿಲ್ಲ.

ಆಗ ಮೇಲ್ಮನೆಯಿಂದ ಒಂದು ಗದರಿಕೆ ಕೇಳಿತು.

"ಏ ಸದಾ! ಬಿಸಾಡು ಅದನ್ನ! ಬಿಸಾಡ್ತೀಯಾ ಇಲ್ವಾ ನೀನು?"

ವಾರ್ಡಿನಲ್ಲಿ ಹಟಮಾರಿ ರೋಗಿಗಳನ್ನು ಬಗ್ಗಿಸುವ ದನಿ ಅದು. ಸದಾನಂದನ ಬೆರಳುಗಳು ತಾವಾಗಿಯೇ ಬಿಚ್ಚಿಕೊಂಡವು. ಪಿಸ್ತೂಲು ನೆಲಕ್ಕೆ ಬಿತ್ತು. ಜಲಜಕ್ಕ ಎರಡೂ ಕೈಗಳನ್ನು ಮುಂದೆ ಚಾಚಿ ಪೊಲೀಸನ ಬಳಿ ನಡೆದು, "ರುಕೋ ಬೇಟಾ, ರುಕೋ. ನಾಟಕ್ ಹೈ" ಎಂದರು. ಬಂದೂಕು ಸ್ವಲ್ಪ ತಡೆದು, ಆಮೇಲೆ ಕೆಳಗಿಳಿಯಿತು.

ಸದಾನಂದನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಉಭಯ ಸದನಗಳೂ ಇದ್ದಬದ್ದ ಕಾರುಗಳಲ್ಲಿ ತುಂಬಿಕೊಂಡು ಹಿಂದೆಯೇ ಠಾಣೆಗೆ ಹೋದವು. ಕೇಸಾದರೆ ಅವನನ್ನು ಸ್ವದೇಶಕ್ಕೆ ಕಳಿಸಿಬಿಡುತ್ತಾರೆ. ಹೆಂಡತಿ ಕೂಸಿನೊಡನೆ ಇಲ್ಲಿಗೆ ಹೊರಡುವ ಹೊತ್ತಿಗೆ ಅವನು ಅಲ್ಲಿ ಇಳಿದಿರುತ್ತಾನೆ ಎಂದು ಎಲ್ಲರಿಗೂ ಗೊತ್ತಿತ್ತು. ಉರ್ದು ಬಲ್ಲ ಬಲೂಚಿ ಅಧಿಕಾರಿಗೆ ನಾನು ಮೊದಲ ಓದಿನಿಂದ ಹಿಡಿದು ರಾಜ್ಯಪಾಲರ ಅಂಕಿತದವರೆಗೆ ವಿವರಿಸಿದೆ. ಆತ ಗಡ್ಡ ಕೆರೆಯುತ್ತ ಎಲ್ಲವನ್ನೂ ಕೇಳಿಸಿಕೊಂಡ.

"ತುಮ್ಹಾರೇ ಮುಲ್ಕ್ ಮೇ ಅಸೆಂಬ್ಲಿ ಐಸಾ ಹೋತಾ ಹೈ?" ನಿಮ್ಮ ದೇಶದಲ್ಲಿ ಶಾಸನಸಭೆ ಹೀಗೇ ನಡೆಯುವುದೋ ಎಂದು ಅವನ ಪ್ರಶ್ನೆ.

"ಇಸ್‌ಸೇ ಭೀ ಖರಾಬ್ ಹೋತಾ ಹೈ, ಸಾಬ್," ಎಂದರು ಭಂಡಾರಿ, ದೇಶಾಭಿಮಾನದಿಂದ.

ಅಧಿಕಾರಿ ನಕ್ಕನೋ ಕೆಮ್ಮಿದನೋ ನನಗೆ ತಿಳಿಯಲಿಲ್ಲ. ಸದಾನಂದನ ಕಂಪನಿಯ ಯಜಮಾನ, ಶುಕ್ರವಾರದ ನಿದ್ದೆಯಿಂದ ಎದ್ದು ಬಂದ ಬಹರೈನಿ ಮುದುಕ, ಒಳಗೆ ಹೋಗಿ ಬಹಳ ಹೊತ್ತು ಮಾತಾಡಿದ. ಇನ್ನೂ ಕೆಲವರು ಜಾಮೀನು ನಿಲ್ಲಬೇಕೆಂದು ಹೇಳಿಕಳಿಸಿದಾಗ ಮೊದಲು ಎದ್ದವರು ವಿರೋಧ ಪಕ್ಷದ ನಾಯಕರು. ಅವರ ಹಿಂದೆ ಸದನ ಪೂರ್ತಿ ಎದ್ದಿತು. ಆ ದಿನ ವಿರೋಧವಿಲ್ಲದೆ ನಡೆದ ಮತದಾನ ಅದೊಂದೇ.

ಶಾಸನಸಭೆಗಳ ನಿಧಾನವನ್ನು ನಾನು ಮೊದಲೆಲ್ಲ ಹಾಸ್ಯ ಮಾಡುತ್ತಿದ್ದೆ. ಮೂರು ಓದು, ಸಮಿತಿ, ಮೇಲ್ಮನೆ, ಅಂಕಿತ — ಇಷ್ಟೆಲ್ಲ ಏಕೆಂದು. ಈಗ ರಾತ್ರಿ ಆ ಪೊಲೀಸನ ಬೆರಳು ಕಣ್ಣೆದುರು ಬಂದು ನಡುಗುವಾಗ, ಅದಕ್ಕೂ ಬಂದೂಕಿನ ಕುದುರೆಗೂ ನಡುವೆ ಯಾವ ಸಮಿತಿಯೂ ಇರಲಿಲ್ಲವಲ್ಲ ಎಂದು ನೆನೆದು ಬೆವರುತ್ತೇನೆ. ಇದ್ದದ್ದು ತಡಮಾಡಲಷ್ಟೇ ಅಧಿಕಾರವಿದ್ದ ಒಬ್ಬ ಹೆಂಗಸು.

ಹೊತ್ತು ಮುಳುಗುವಾಗ ಸದಾನಂದ ಹೊರಬಂದ. ಪಿಸ್ತೂಲು ಅಲ್ಲೇ ಉಳಿಯಿತು, ಅವನು ಇಲ್ಲಿ ಉಳಿದ. ಜಲಜಕ್ಕ ಅವನ ಬೆನ್ನಿಗೊಂದು ಗುದ್ದು ಕೊಟ್ಟು, ತಾವೇ ಅಳತೊಡಗಿದರು. ಅವನು ನನ್ನ ಬಳಿ ಬಂದು, ಬಿಳಿಚಿದ ಮುಖದಲ್ಲಿ ನಗು ತಂದುಕೊಳ್ಳುತ್ತ, "ಅಧ್ಯಕ್ಷರೇ, ಇನ್ನು ಮನೆಗೆ ಹೋಗ್ಲಿಕ್ಕೆ ಅಪ್ಪಣೆಯಾ?" ಎಂದ. ನಾನು ತಲೆಯಾಡಿಸಿದೆ, ಸ್ವರ ಇನ್ನೂ ಬಂದಿರಲಿಲ್ಲ.

ಮುಂದಿನ ವಾರ ವಿಮಾನ ಬಂತು, ಕೂಸು ಅಪ್ಪನನ್ನು ಗುರುತಿಸದೆ ಅತ್ತಿತು, ಎಲ್ಲವೂ ಸರಿಯಾಯಿತು. ಆದರೆ ಸಭೆಯನ್ನು ಮುಂದೂಡಲಾಗಿದೆ ಎಂಬ ಮಾತನ್ನು ಅಧ್ಯಕ್ಷನಾದವನು ಬಾಯಿಬಿಟ್ಟು ಹೇಳಬೇಕು. ಅದನ್ನು ನಾನು ಅಂದು ಹೇಳಲಿಲ್ಲ, ಆಮೇಲೆ ಯಾರೂ ಕೇಳಲಿಲ್ಲ. ನಿಯಮದ ಪ್ರಕಾರ ನಮ್ಮ ಆ ಸದನ ಇನ್ನೂ ನಡೆಯುತ್ತಲೇ ಇದೆ.