ಈಶಾನ್ಯಕ್ಕೆ ಹರಿಯದ ನೀರು

ಪಕ್ಕದ ಜಾಗದಲ್ಲಿ ಮನೆ ಕಟ್ಟುವ ಕೆಲಸ ಶುರುವಾಗಿದೆ. ಬೆಳಿಗ್ಗೆ ಹಸಿ ಸಿಮೆಂಟಿನ ವಾಸನೆ ಕಿಟಕಿಯಿಂದ ಒಳಗೆ ಬರುತ್ತದೆ. ನಿಮಗೆ ಆ ವಾಸನೆ ಇಷ್ಟವಿರಬಹುದು. ನನಗೆ ನಮ್ಮ ಬಚ್ಚಲು ಕಟ್ಟಿಸಿದ್ದು ನೆನಪಾಗುತ್ತದೆ. ಎದ್ದು ಕಿಟಕಿ ಮುಚ್ಚುತ್ತೇನೆ.

ಸನತ್‌ನಗರದ ಕಾರ್ಖಾನೆಯೊಂದರಲ್ಲಿ ದುಡಿದು, ಹೈದರಾಬಾದಿನಾಚೆಯ ಈ ಹಳ್ಳಿಯ ಅಂಚಿನಲ್ಲಿ ಮನೆ ಕಟ್ಟಿಸಿದವನು ನಾನು. ಆರು ಮನೆಗೆ ಒಂದೇ ಬಚ್ಚಲಿದ್ದ ವಠಾರದಲ್ಲಿ ಬಾಳಿದ ನನ್ನ ಹೆಂಡತಿ ಶಾಂತಾ ಕೇಳಿದ್ದು ಒಂದೇ: "ಬಚ್ಚಲಿಗೆ ಒರಟು ಶಹಾಬಾದ್ ಕಲ್ಲು ಹಾಕಸ್ರಿ. ಕಾಲು ಜಾರಬಾರದು."

ನಾನು ಓದಿದ್ದು ಹತ್ತನೇ ತರಗತಿ. ಆದರೆ ಮನೆಗೆ ಎಂಜಿನಿಯರನೂ ನಾನೇ, ಪಂಡಿತನೂ ನಾನೇ. ಕೋಠಿ ಬಜಾರಿನಲ್ಲಿ ಕೊಂಡ ಹಳೆಯ ವಾಸ್ತು ಪುಸ್ತಕ ಸದಾ ಕಂಕುಳಲ್ಲಿರುತ್ತಿತ್ತು. ಗಾರೆ ಕೆಲಸದ ಗೌಂಡಿ ಯಲ್ಲಪ್ಪ ನಾರಾಯಣಪೇಟೆ ಕಡೆಯವನು, ನಮ್ಮ ಕಲಬುರಗಿ ಕಡೆಯ ಕನ್ನಡವನ್ನೇ ಆಡುತ್ತಿದ್ದ. ಪಾಯ ತೆಗೆಯುವ ಮೊದಲು ಒಂದು ಕೊಡ ನೀರು ನೆಲಕ್ಕೆ ಸುರಿದು ನನ್ನನ್ನು ಕರೆದ. ನೀರು ನೈಋತ್ಯಕ್ಕೆ ಹರಿಯಿತು.

"ಇಳಿಜಾರು ಈ ಕಡೆ ಐತ್ರಿ. ಮೋರಿ ಇತ್ಲಾಗ ಬಿಡೂಣು."

"ಬಚ್ಚಲ ನೀರು ಈಶಾನ್ಯಕ್ಕ ಹೋಗಬೇಕು. ಪುಸ್ತಕದಾಗ ಐತಿ."

"ನೀರಿಗೆ ಪುಸ್ತಕ ಓದಾಕ ಬರೂದಿಲ್ರಿ, ಸಾಹೇಬ್ರ."

ಶಾಂತಾ ಸೆರಗು ಬಾಯಿಗಿಟ್ಟು ನಕ್ಕಳು. ಆ ನಗು ನನಗೆ ಚುಚ್ಚಿತು. ಮೋರಿ ಈಶಾನ್ಯಕ್ಕೇ ಹೋಯಿತು. ಬಚ್ಚಲಿಗೆ ಕಪ್ಪು ಗ್ರಾನೈಟ್ ಬಂತು. ಗೃಹಪ್ರವೇಶಕ್ಕೆ ಬಂದ ಕಲಬುರಗಿಯ ನೆಂಟರು "ಕನ್ನಡಿ ಇದ್ದಂಗ ಐತಲ್ರಿ!" ಎಂದಾಗ ಉಬ್ಬಿದೆ. ಅವರ ಹಿಂದೆ ಶಾಂತಾ ಗೋಡೆ ಹಿಡಿದು ಹೆಜ್ಜೆ ಇಡುತ್ತಿದ್ದಳು.

ನೀರು ನಿಲ್ಲುತ್ತಿತ್ತು. ಸ್ನಾನವಾದ ಮೇಲೆ ಪ್ರತಿದಿನ ಅದನ್ನು ಕಸಬರಿಗೆಯಿಂದ ತಳ್ಳುವುದು ಅವಳ ಕೆಲಸ. "ಏನ್ ಮಾಡಾಕತ್ತಿ?" ಎಂದರೆ, "ನಿಮ್ಮ ಈಶಾನ್ಯದ ದೇವ್ರಿಗೆ ನೀರು ಮುಟ್ಟಸಾಕತ್ತೀನ್ರಿ" ಎನ್ನುತ್ತಿದ್ದಳು. ಹಾಗೆ ಮುಟ್ಟಿಸುತ್ತಲೇ ಒಂದು ಬೆಳಿಗ್ಗೆ ಜಾರಿ ಬಿದ್ದಳು. ಸೊಂಟ ಮುರಿಯಿತು. ಎಂಟು ತಿಂಗಳು ಮಂಚದ ಮೇಲಿದ್ದಳು.

ನೋಡಲು ಬಂದವರು ಹೇಗಾಯಿತೆಂದು ಕೇಳುತ್ತಿದ್ದರು. "ಬಿ.ಪಿ. ಗುಳಗಿ ಮರತಿದ್ಲು, ಚಕ್ಕರ್ ಬಂತು" ಎಂದುಬಿಟ್ಟೆ. ಶಾಂತಾ ಮಲಗಿದ್ದಲ್ಲಿಂದ ನನ್ನ ಮುಖ ನೋಡಿದಳು. ಆಮೇಲೆ ಅವರ ಕಡೆ ತಿರುಗಿ, "ಹೌದ್ರಿ, ನಂದೇ ತಪ್ಪು, ಮರತಬಿಟ್ಟೆ" ಎಂದಳು. ಸಾಯುವವರೆಗೂ ಹಾಗೆಯೇ ಹೇಳಿದಳು.

ಆ ಬೆಳಿಗ್ಗೆ ಚಹಾದ ಜೊತೆ ಅವಳ ಕೈಗೆ ಗುಳಿಗೆ ಕೊಟ್ಟವನು ನಾನೇ.

ಈಗ ನೀರು ತಳ್ಳುವವನು ನಾನು. ನಿನ್ನೆ ಪಕ್ಕದ ಜಾಗದ ಹೆಣ್ಣುಮಗಳು ಬಂದಿದ್ದಳು. ಮೈಸೂರಿನವಳು, ತಾಯಿಯನ್ನು ಹೊಸ ಮನೆಗೆ ಕರೆತರುವ ಆಸೆ. ಬಚ್ಚಲಿನ ಬಾಗಿಲಲ್ಲಿ ನಿಂತು, "ಎಷ್ಟು ಚೆನ್ನಾಗಿದೆ ಅಂಕಲ್! ಅಮ್ಮನ ಬಾತ್‌ರೂಮಿಗೂ ಇದೇ ಕಲ್ಲು ಹಾಕಿಸ್ತೀನಿ" ಎಂದಳು.

"ಬ್ಯಾಡವ್ವ. ಇದರ ಮ್ಯಾಲ ಜಾರಿ ಬಿದ್ದು ನನ್ನ ಹೆಂಡ್ತಿ ಹೋದ್ಲು."

"ಜಾಗ ನೋಡೋಕೆ ಬಂದಾಗ, ಆಂಟಿಗೆ ತಲೆಸುತ್ತು ಬಂದಿತ್ತು ಅಂದಿದ್ರಲ್ಲ?"

"ಸುಳ್ಳು ಹೇಳಿದ್ದೆ."

ಕೊಡ ತುಂಬಿಕೊಂಡೆ. ಎತ್ತುವಾಗ ಅವಳೂ ಒಂದು ಕೈ ಹಿಡಿದಳು. ಇಬ್ಬರೂ ಹೊತ್ತುಕೊಂಡು ಹೋಗಿ ಅವಳ ಜಾಗದಲ್ಲಿ ಸುರಿದೆವು. ನೀರು ಒಂದು ಗಳಿಗೆ ನಿಂತು, ನೈಋತ್ಯಕ್ಕೆ ಹೊರಟಿತು.

"ಈ ಕಡೆ ಬಿಡಸವ್ವ ಮೋರಿ," ಎಂದೆ.

ಇವತ್ತು ಕಿಟಕಿ ತೆರೆದೇ ಇದೆ.