ಒಂದು ಕಯಾಕಿನಲ್ಲಿ ಇಬ್ಬರು ಬೀಗತಿಯರು

ಈಚೆಗೆ ನಮ್ಮ ಮನೆಯಲ್ಲಿ ಫೋನ್ ರಿಂಗಾದರೆ ಸಾಕು, ಮೂವರೂ ಓಡುತ್ತಿದ್ದೆವು. ನಾನು ಅಡುಗೆಮನೆಯಿಂದ, ನಮ್ಮವರು ಪಡಸಾಲೆಯಿಂದ, ಮಗಳು ಅಮೃತಾ ಬಚ್ಚಲಿನಿಂದ (ಅರ್ಧ ತೊಯ್ದ ತಲೆಯಲ್ಲಿ!). ಎತ್ತಿದರೆ ಆ ಕಡೆಯಿಂದ ಇಂಪಾದ ದನಿ, “ಮೇಡಂ, ಪರ್ಸನಲ್ ಲೋನ್ ಬೇಕಾಗಿತ್ತಾ?”

ನಮಗೆ ಬೇಕಾಗಿದ್ದುದು ಲೋನ್ ಅಲ್ಲ. ಹಿರೇವಡ್ಡಟ್ಟಿಯಿಂದ ಬರಬೇಕಿದ್ದ ಒಂದು ಉತ್ತರ.

ಅಮೃತಾ ಗದುಗಿನಲ್ಲಿ ಫಿಸಿಯೋಥೆರಪಿಸ್ಟ್. ಹಿರೇವಡ್ಡಟ್ಟಿಯ ಮಲ್ಲೇಶ ಮುಂಡರಗಿಯಲ್ಲಿ ಬೀಜದ ಅಂಗಡಿ ಇಟ್ಟವನು. ರವಿವಾರ ಬಂದರೆ ಹೊಳೆಯಲ್ಲಿ ಕಯಾಕ್ ಎಂಬ ಸಪೂರ ದೋಣಿ ಓಡಿಸುವ ಹುಚ್ಚು. ಹಾಗೆ ಓಡಿಸಿ ಓಡಿಸಿ ಭುಜ ಹಿಡಿದುಕೊಂಡಿತು, ತೋರಿಸಲು ಅಮೃತಾಳ ಹತ್ತಿರ ಬಂದ. ಭುಜದ ನೋವು ಹೋಯಿತು. ಹುಡುಗ ಬರುವುದು ನಿಲ್ಲಲಿಲ್ಲ. ಮುಂದಿನದನ್ನು ನಿಮಗೆ ಬಿಡಿಸಿ ಹೇಳಬೇಕೇ?

ಹುಡುಗನ ಮನೆಯವರು ಬೆಟಗೇರಿಯ ನಮ್ಮ ಮನೆಗೆ ಬಂದರು. ಶಿರಾ, ಉಪ್ಪಿಟ್ಟು, ಚಹಾ ಎಲ್ಲ ಆಯಿತು. ಹುಡುಗನ ತಂದೆ ಗೋಡೆಯ ಗಡಿಯಾರ ನೋಡುತ್ತ ಕೂತರು. ತಾಯಿ ಗೌರವ್ವ ನನ್ನನ್ನು ನೋಡುತ್ತ ಕೂತರು. ದಪ್ಪ ಕುಂಕುಮ, ಇಳಕಲ್ ಸೀರೆ, ಬಿಗಿದ ತುಟಿ. ನಾನು ಏನು ಕೇಳಿದರೂ ಒಂದು ಸಣ್ಣ ತಲೆಯಾಟ. ನಮ್ಮ ಅಮೃತಾ ಮಾತ್ರ ಸುಮ್ಮನಿರುವವಳೇ? ಮಂಡಿನೋವಿನಿಂದ ಹಿಡಿದು ಮಳೆಯ ತನಕ ಒಂದೇ ಸಮನೆ ಮಾತಾಡಿದಳು.

ಹೊರಡುವಾಗ ಹೊಸ್ತಿಲ ಮೇಲೆ ನಿಂತು ಗೌರವ್ವ ಎರಡೇ ಮಾತು ಆಡಿದರು. “ಬಾಳ ಮಾತಾಡ್ತಾಳ್ರಿ ನಿಮ್ಮ ಹುಡುಗಿ.” ಆಮೇಲೆ, “ಹೇಳಿ ಕಳಸ್ತೀವ್ರಿ.”

ಹೆಣ್ಣು ಹೆತ್ತವರಿಗೆ ಈ ಎರಡು ಮಾತಿನ ಅರ್ಥ ಬೇರೆಯವರು ಹೇಳಿಕೊಡಬೇಕಾಗಿಲ್ಲ. ವಾರಗಳು ಹೋದವು. ಅಮೃತಾಳ ಮಾತು ಕಡಿಮೆಯಾಯಿತು. ಊಟಕ್ಕೆ ಕೂತರೆ ತಟ್ಟೆಯಲ್ಲಿ ಬೆರಳಾಡಿಸುವಳು. ಮಲ್ಲೇಶನನ್ನು ಕೇಳಿದರೆ ಪಾಪ, ಅವನಿಗೂ ಗೊತ್ತಿಲ್ಲ. “ನಮ್ಮವ್ವ ಏನೂ ಹೇಳವಲ್ಲಳ್ರಿ” ಎನ್ನುತ್ತಿದ್ದ. ನನಗೆ ಸಿಟ್ಟು. ಒಲ್ಲೆ ಅನ್ನುವುದಿದ್ದರೆ ಒಲ್ಲೆ ಅಂದುಬಿಡಬಾರದೇ? ಎಷ್ಟು ಸೊಕ್ಕು ಈ ಹೆಂಗಸಿಗೆ!

ಕೊನೆಗೆ ಹುಡುಗರೇ ಒಂದು ದಾರಿ ಹುಡುಕಿದರು. ರವಿವಾರ ಎರಡೂ ಮನೆಯವರು ಹೊಳೆದಂಡೆಗೆ ಊಟಕ್ಕೆ ಹೋಗೋಣ ಎಂದರು. ಬುತ್ತಿ ಕಟ್ಟಿಕೊಂಡು ಹೋದೆವು. ನೀರು ತಡೆದ ಬ್ಯಾರೇಜಿನ ಹಿಂದೆ ತುಂಗಭದ್ರೆ ಹರಿಯುವುದನ್ನೇ ಮರೆತವಳಂತೆ ಅಗಲವಾಗಿ ನಿಂತಿದ್ದಳು. ಅತ್ತ ದಂಡೆಯ ಜಾಲಿ ಗಿಡಗಳು ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತಿದ್ದವು. ಒಂದು ಅಲೆ ಇಲ್ಲ.

ದಂಡೆಯಲ್ಲಿ ಹಳದಿ ಬಣ್ಣದ ಪ್ಲಾಸ್ಟಿಕ್ ಕಯಾಕುಗಳು. ಅವುಗಳ ಯಜಮಾನ ದಾದಾಪೀರ, ಮಲ್ಲೇಶನ ದೋಸ್ತ. ಲಕ್ಷ್ಮೇಶ್ವರದಲ್ಲಿ ಅವರದು ಕಾಳುಕಡಿಯ ವ್ಯಾಪಾರ. ರವಿವಾರ ಅಂಗಡಿಯನ್ನು ಅಣ್ಣಂದಿರಿಗೆ ಒಪ್ಪಿಸಿ ಈತ ಹೊಳೆಗೆ ಬಂದುಬಿಡುತ್ತಾನಂತೆ.

“ಯಾರ್ ಬರ್ತೀರಿ ಮೊದಲ? ಇದರಾಗ ಇಬ್ಬರು ಕುಂದರಬಹುದು ನೋಡ್ರಿ” ಎಂದ ದಾದಾಪೀರ, ಉದ್ದನೆಯ ಕಯಾಕ್ ತೋರಿಸಿ.

ನಮ್ಮವರು ತಟ್ಟನೆ ಕೆಮ್ಮಿದರು. “ನನಗ ನೆಗಡಿ ಆಗೇತಿ.” (ಬೆಳಿಗ್ಗೆಯವರೆಗೆ ಇರಲಿಲ್ಲ.) ಹುಡುಗನ ತಂದೆ ಮಾತಾಡದೆ ಅಡ್ಡಡ್ಡ ತಲೆಯಾಡಿಸಿದರು.

“ನಾ ಕುಂದರ್ತೇನಿ” ಎಂದಿತು ಒಂದು ದನಿ.

ಎಲ್ಲರೂ ತಿರುಗಿ ನೋಡಿದೆವು. ಗೌರವ್ವ! ಆಗಲೇ ಸೀರೆಯ ಕಚ್ಚೆ ಕಟ್ಟುತ್ತಿದ್ದರು. “ಮದಿವಿ ಆಗಿ ಬಂದಾಗಿಂದ ಈ ಹೊಳೀನ ಬಸ್ಸಿನ ಕಿಡಕಿಯಿಂದ ನೋಡೇನಿ, ದಂಡ್ಯಾಗ ನಿಂತು ಜಳಕಾ ಮಾಡೇನಿ. ಹೊಳಿ ನಡುವ ಹೋದರ ಹೆಂಗಿರತೈತಿ ಅಂತ ನೋಡಬೇಕು.”

“ಜೋಡಿ ಯಾರ್ರಿ?” ಎಂದ ದಾದಾಪೀರ.

ಗೌರವ್ವ ನನ್ನ ಕಡೆ ನೋಡಿದರು. ಅಮೃತಾ ನೋಡಿದಳು. ಮಲ್ಲೇಶ ನೋಡಿದ. ಹೇಳಿ, ನಾನೇನು ಮಾಡಬೇಕಿತ್ತು? ನನಗೆ ಈಜು ಬರುವುದಿಲ್ಲ. ಸೊಂಟದ ಮೇಲೆ ನೀರು ಬಂದರೆ ದೇವರ ಹೆಸರು ಶುರುವಾಗುತ್ತದೆ. ಆದರೆ ಮಗಳ ಮುಖ ನೋಡಿ ಲೈಫ್ ಜಾಕೆಟ್‌ಗೆ ತೋಳು ತೂರಿಸಿದೆ.

ನಾನು ಮುಂದೆ, ಅವರು ಹಿಂದೆ. ದಾದಾಪೀರ ಪಾಠ ಮಾಡಿದ. “ಮುಂದಿನವ್ರು ಹೆಂಗ ಹುಟ್ಟು ಹಾಕ್ತಾರ, ಹಿಂದಿನವ್ರು ಹಂಗ ಹಾಕಬೇಕು. ಇಬ್ರೂ ಕೂಡೇ ಎಡಕ, ಕೂಡೇ ಬಲಕ. ಇಷ್ಟ ನೋಡ್ರಿ.” ಒಂದೇ ಕೋಲಿನ ಎರಡೂ ತುದಿಗೆ ಅಗಲವಾದ ಹುಟ್ಟು. ನೋಡಲು ಎಷ್ಟು ಸುಲಭ! ಒಂದು ತಳ್ಳು ತಳ್ಳಿ ನಮ್ಮನ್ನು ಹೊಳೆಗೆ ಬಿಟ್ಟ.

ಠಕ್! ನನ್ನ ಹುಟ್ಟಿಗೆ ಅವರ ಹುಟ್ಟು. ಮತ್ತೆ ಠಕ್! ಕಯಾಕ್ ಮುಂದೆ ಹೋಗುವ ಬದಲು ಇದ್ದಲ್ಲೇ ಗರಗರ ತಿರುಗತೊಡಗಿತು. ದಂಡೆ ಒಮ್ಮೆ ಎದುರಿಗೆ, ಒಮ್ಮೆ ಬೆನ್ನಿಗೆ.

ನೆಗಡಿಯಾದವರು ದಂಡೆಯಿಂದ ಕೂಗಿದರು, “ಬಲಕ ಹಾಕಲೇ ಬಲಕ! ಅಲ್ಲ, ಎಡಕ!” (ದಂಡೆಯ ಮೇಲೆ ಕೂತವರಿಗೆ ಎಲ್ಲ ವಿದ್ಯೆ ಹೇಗೆ ಬಂದುಬಿಡುತ್ತದೆ?)

ಗೌರವ್ವನ ಬಿಗಿದ ತುಟಿ ಆಗ ಬಿಚ್ಚಿತು. “ಸುಮ್ಮ ಕುಂಡ್ರಿ ಅಲ್ಲಿ! ಅಷ್ಟು ಬರ್ತಿದ್ರ ನೀವ ಬರಬೇಕಿತ್ತು!”

ನನ್ನ ಗಂಡನಿಗೆ ನಾನು ಹೇಳಬೇಕೆಂದಿದ್ದ ಮಾತು! ನನಗೆ ನಗು ತಡೆಯಲಾಗಲಿಲ್ಲ. ಹಿಂದಿನಿಂದ ಖೊಳ್ಳನೆ ಇನ್ನೊಂದು ನಗು ಬಂತು. ನಗುವ ರಭಸಕ್ಕೆ ಕಯಾಕ್ ಅಲುಗಾಡಿ ಇಬ್ಬರೂ “ಯವ್ವಾ!” ಎಂದೆವು, ಮತ್ತೆ ನಕ್ಕೆವು.

ನಾನು ಶಾಲೆಯಲ್ಲಿ ಮಕ್ಕಳಿಗೆ ಕವಾಯತು ಮಾಡಿಸುವ ದನಿ ತೆಗೆದೆ. “ಎಡಾ! ಬಲಾ! ಎಡಾ! ಬಲಾ!”

“ಅಕ್ಕೋರ, ಎಡಾ ಅಂದ್ರ ನಿಮ್ಮ ಎಡಾನೋ, ನಂದೋ?”

“ಇಬ್ಬರದೂ ಒಂದ ಎಡಾರಿ!”

“ಹಂಗ ಮೊದಲ ಹೇಳ್ರಿ ಮತ್ತ!”

ಏನಾಯಿತೋ ಗೊತ್ತಿಲ್ಲ, ಠಕ್ ಠಕ್ ನಿಂತಿತು. ಹುಟ್ಟುಗಳು ಒಟ್ಟಿಗೆ ನೀರಿಗಿಳಿದವು, ಒಟ್ಟಿಗೆ ಎದ್ದವು. ಕಯಾಕ್ ನೆಟ್ಟಗೆ ಹೊರಟಿತು! ದಂಡೆಯ ಗಲಾಟೆ ಸಣ್ಣದಾಗುತ್ತ ಹೋಗಿ, ನಾವು ಹೊಳೆಯ ನಡುವೆ ಬಂದಾಗ ಹುಟ್ಟಿನಿಂದ ತೊಟ್ಟಿಕ್ಕುವ ನೀರಿನ ಸದ್ದು ಮಾತ್ರ ಉಳಿಯಿತು. ದೂರದಲ್ಲಿ ಕಪ್ಪತಗುಡ್ಡ ಬೆಳ್ಳಗೆ ಮಸುಕಾಗಿತ್ತು. ಹುಟ್ಟು ತೊಡೆಯ ಮೇಲಿಟ್ಟು ಇಬ್ಬರೂ ಸುತ್ತ ನೋಡಿದೆವು. ಇಷ್ಟು ವರ್ಷ ಇಷ್ಟು ಹತ್ತಿರ ಇದ್ದುಕೊಂಡು ಇಲ್ಲಿಗೆ ಬಂದಿರಲಿಲ್ಲವಲ್ಲ ಅನ್ನಿಸಿತು.

“ಅಕ್ಕೋರ” ಎಂದರು ಹಿಂದಿನಿಂದ ಮೆಲ್ಲಗೆ. “ಅವತ್ತು ನಿಮ್ಮ ಮನ್ಯಾಗ ನಾ ಮಾತಾಡಲಿಲ್ಲ ಅಂತ ಬ್ಯಾಸರ ಮಾಡ್ಕೊಂಡೀರೇನು?”

ನಾನು ಅವರ ಕಡೆ ತಿರುಗುವಂತಿರಲಿಲ್ಲ. ನೀರಿಗೆ ಮುಖ ಮಾಡಿಯೇ, “ಸ್ವಲ್ಪ ಆಗಿತ್ರಿ” ಎಂದೆ.

“ನೀವು ಪೇಪರಿನ್ಯಾಗ ಬರೀತೀರಂತ. ನಮ್ಮ ಮಲ್ಯಾ ಹೇಳಿದ್ದ. ನಾ ಏನರ ತಪ್ಪಿ ಅಂದರ, ಮುಂದಿನ ವಾರ ಅದು ಊರ ತುಂಬ ಆಗತೈತಿ ಅಂತ ಬಾಯಿ ಮುಚಗೊಂಡು ಕುಂತಿದ್ದೆ.”

ಅಯ್ಯೋ ದೇವರೇ! ಅದು ಸೊಕ್ಕಲ್ಲ, ಅಂಜಿಕೆ! ಅದೂ ನನ್ನನ್ನು ಕಂಡು ಅಂಜಿಕೆ! ನನ್ನ ಗಂಡ, ಮಗಳು, ಕೊನೆಗೆ ನನ್ನ ವಿದ್ಯಾರ್ಥಿಗಳೂ ನನಗೆ ಅಂಜುವುದಿಲ್ಲ.

“ಬರಿಯೂದಿಲ್ಲ ಬಿಡ್ರಿ” ಎಂದೆ.

“ಈಗ ಬರೀರಿ, ಯಾಕ ಬರೀಬಾರದು? ಖರೆ ಹೆಸರು ಬ್ಯಾಡ. ಗೌರವ್ವ ಅಂತ ಹಾಕ್ರಿ. ನಮ್ಮ ಎಮ್ಮಿ ಹೆಸರು.” (ಮಾತು ಉಳಿಸಿಕೊಂಡಿದ್ದೇನೆ.)

ಧೈರ್ಯ ಬಂತು. ಇಷ್ಟು ದಿನ ಗಂಟಲಲ್ಲಿ ಸಿಕ್ಕಿದ್ದುದನ್ನು ಕೇಳಿಯೇಬಿಟ್ಟೆ. “ಅವತ್ತು ಹೊಂಟಾಗ, ನಮ್ಮ ಹುಡುಗಿ ಬಾಳ ಮಾತಾಡ್ತಾಳ ಅಂದ್ರಿ. ಅದಕ್ಕ ನಿಮ್ಮ ಮನಸ್ಸಿಗೆ ಬರಲಿಲ್ಲೇನೋ ಅಂತ...”

“ಏನಂದ್ರಿ?” ಕಯಾಕೇ ಒಮ್ಮೆ ಜೋಲಿ ಹೊಡೆಯಿತು. “ಅಕ್ಕೋರ, ನಮ್ಮ ಮನ್ಯಾಗ ಮೂರು ಮಂದಿ ಗಂಡಸ್ರು. ನಮ್ಮ ಯಜಮಾನ್ರು, ಇಬ್ರು ಹುಡುಗೂರು. ಮುಂಜಾನಿಂದ ಸಂಜೀಮಟ ಹೂಂ, ಉಹೂಂ. ಇಷ್ಟ! ರೊಟ್ಟಿ ಛಲೋ ಆದರೂ ಹೂಂ, ಸೀದರೂ ಹೂಂ. ನಾ ಎಮ್ಮಿ ಜೋಡಿ ಮಾತಾಡ್ಕೊಂತ ಬಾಳೇವು ಮಾಡೇನಿ. ಅವತ್ತು ಆ ಹುಡುಗಿ ಮಾತಾಡೂದು ಕೇಳಿ ನನ್ನ ಕಿವಿ ತಣ್ಣಗಾಗಿತ್ತು. ಖುಷಿಗೆ ಅಂದೇನ್ರಿ ಅದನ್ನ!”

“ಮತ್ತ ಹೇಳಿ ಕಳಸಲಿಲ್ಲಲ್ರಿ?”

“ನಮ್ಮ ಯಜಮಾನ್ರಿಗೆ ಅವತ್ತ ಹೇಳಿದ್ದೆ, ಹೂಂ ಅಂತ ಫೋನ್ ಮಾಡ್ರಿ ಅಂತ. ಅವರು ಹೂಂ ಅಂದ್ರು.” ಹಿಂದಿನಿಂದ ಹುಟ್ಟು ಕಯಾಕಿಗೆ ಬಡಿದ ಸದ್ದು. “ಮಾಡೇ ಇಲ್ಲೇನು? ನಿಮ್ಮ ಉತ್ತರ ಬರಲಿ, ಆಮ್ಯಾಲ ಮಲ್ಯಾಗ ಹೇಳೋಣು ಅಂತ ನಾ ಕಾಯ್ಕೊಂತ ಕುಂತಿದ್ದೆ!”

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾವು ಇಷ್ಟು ದಿನ ಲೋನ್ ಮಾರುವವರ ಫೋನ್ ಎತ್ತುತ್ತ ಒದ್ದಾಡಿದ್ದು, ಆ ಕಡೆ ಇವರು ಮಾತು ಮುಗಿಯಿತೆಂದು ನಮ್ಮ ಉತ್ತರಕ್ಕೆ ಕಾಯುತ್ತ ಕೂತದ್ದು! ಈ ಹೆಂಗಸಿನ ಕೈ ಹಿಡಿಯಲೇಬೇಕು ಅನ್ನಿಸಿತು. ಸರ್ರನೆ ಪೂರ್ತಿ ಹಿಂದಕ್ಕೆ ತಿರುಗಿ ಕೈ ಚಾಚಿದೆ. ಅವರೂ ಮುಂದೆ ಬಾಗಿ ಕೈ ಚಾಚಿದರು.

ಇಬ್ಬರೂ ಒಂದೇ ಬದಿಗೆ ವಾಲಿದ್ದೆವು. ಕಯಾಕ್ ಎಷ್ಟೂಂತ ತಡೆದೀತು?

ತಣ್ಣನೆಯ ನೀರು ಕಣ್ಣು, ಮೂಗು, ಬಾಯಿಗೆಲ್ಲ ನುಗ್ಗಿತು. ಒಂದು ಕ್ಷಣ ಏನೂ ಕೇಳಿಸಲಿಲ್ಲ. ಜಾಕೆಟ್ ನನ್ನನ್ನು ಮೇಲಕ್ಕೆ ಎಸೆಯಿತು. ಕಣ್ಣಿನ ಚಾಳೀಸು ಮಾಯ. ಕಾಲ ಕೆಳಗೆ ನೆಲ ಇಲ್ಲ. ಆಗ ಹತ್ತಿದ ಭಯವನ್ನು ತಮಾಷೆಯಾಗಿ ಬರೆಯಲು ಈಗಲೂ ಆಗುತ್ತಿಲ್ಲ. ಕೈಕಾಲು ಬಡಿಯುತ್ತಿದ್ದೆ. ಯಾರೋ ನನ್ನ ಜಾಕೆಟ್ಟಿನ ಪಟ್ಟಿ ಹಿಡಿದು ಎಳೆದರು. ಗೌರವ್ವನ ಒಂದು ಕೈ ಕಯಾಕಿನ ಮೇಲೆ, ಇನ್ನೊಂದು ನನ್ನ ಮೇಲೆ.

“ಬಿಡಬ್ಯಾಡ್ರಿ ಅಕ್ಕೋರ!”

“ನೀವೂ ಬಿಡಬ್ಯಾಡ್ರಿ!”

“ನಾ ಬಿಡೂದಿಲ್ರಿ!”

ಅಷ್ಟರಲ್ಲಿ ಅಮೃತಾ, ಮಲ್ಲೇಶ, ದಾದಾಪೀರ ಮೂವರೂ ಒಂದೊಂದು ಕಯಾಕ್ ಹತ್ತಿ ಬಂದರು. ಎಲ್ಲರಿಗಿಂತ ಮುಂದೆ ಬಂದವಳು ಅಮೃತಾ. (ಮಲ್ಲೇಶ ಯಾವಾಗ ಕಲಿಸಿದ್ದನೋ!) ಬಾಯಿ ತೆರೆದಳು, “ಅವ್ವಾ” ಅಷ್ಟೇ ಬಂತು. ಎಲ್ಲಿ ಹೋದರೂ ಮಾತಿಗೆ ತಡೆಯಿಲ್ಲದ ಹುಡುಗಿ ಬಿಕ್ಕುತ್ತ ಕೂತಳು.

ನೀರಿನಲ್ಲಿ ಗದ್ದದವರೆಗೆ ಮುಳುಗಿದ್ದ ಗೌರವ್ವ ತಲೆ ಎತ್ತಿದರು. ಕುಂಕುಮ ಕರಗಿ ಮೂಗಿನ ತನಕ ಇಳಿದಿತ್ತು. “ಅಳಬ್ಯಾಡ ಬಿಡವಾ. ನಿಮ್ಮವ್ವನ್ನ ನಾ ಗಟ್ಟಿ ಹಿಡಕೊಂಡೇನಿ. ನೀ ಜಲ್ದಿ ನಮ್ಮ ಮನೀಗೆ ಬಾ. ಮಾತು ಕೇಳಾಕ ನಾ ಕಾಯಾಕತ್ತೇನಿ.”

ಮಲ್ಲೇಶನ ಕೈಯಿಂದ ಹುಟ್ಟು ಜಾರಿ ನೀರಿಗೆ ಬಿತ್ತು.

“ಶಾದಿ ಮಾತು ದಂಡಿ ಮ್ಯಾಲ ಮಾಡ್ರೀ!” ದಾದಾಪೀರ ಕಿರುಚಿದ. “ಮೊದಲ ಈ ಹಗ್ಗಾ ಹಿಡೀರಿ!”

ಅವನ ಕಯಾಕಿನ ಹಿಂದಿನ ಹಗ್ಗ ಹಿಡಿದು ತೇಲುತ್ತ ನಾವಿಬ್ಬರೂ ದಂಡೆಗೆ ಬಂದೆವು. ಅಲ್ಲೊಂದು ನೋಟ! ನಮ್ಮವರು ಪ್ಯಾಂಟು, ಬೂಟುಗಳ ಸಮೇತ ಸೊಂಟಮಟ್ಟ ನೀರಿನಲ್ಲಿ ನಿಂತಿದ್ದರು. ಅವರ ಪಕ್ಕದಲ್ಲಿ ಧೋತರ ತೇಲಿಸಿಕೊಂಡು ಗೌರವ್ವನ ಯಜಮಾನರು. ಇಬ್ಬರಿಗೂ ಈಜು ಬರುವುದಿಲ್ಲ. ಇಬ್ಬರೂ ಒಬ್ಬರ ಕೈ ಒಬ್ಬರು ಬಿಗಿಯಾಗಿ ಹಿಡಿದುಕೊಂಡಿದ್ದರು. ನಮ್ಮನ್ನು ನೋಡಿದ ಮೇಲೂ ಬಿಡಲು ಮರೆತಿದ್ದರು.

ಗೌರವ್ವ ತಮ್ಮ ಯಜಮಾನರನ್ನು ಕಣ್ಣು ಕಿರಿದು ಮಾಡಿ ನೋಡಿ, “ಫೋನ್ ಮಾಡ್ರಿ ಅಂತ ಹೇಳಿದ್ದು ಏನಾತು?” ಎಂದರು. ಯಜಮಾನರು ಹೊಳೆಯನ್ನು ನೋಡಿದರು.

ಬಿಸಿಲಿಗೆ ಬೆನ್ನು ಕೊಟ್ಟು, ಒದ್ದೆ ಬಟ್ಟೆಯಲ್ಲೇ ಕೂತು ಬುತ್ತಿ ಬಿಚ್ಚಿದೆವು. ಅವರ ಎಣ್ಣೆಗಾಯಿ ನಮ್ಮ ಎಲೆಗೆ, ನಮ್ಮ ಶೇಂಗಾ ಹೋಳಿಗೆ ಅವರ ಎಲೆಗೆ. ಅಮೃತಾಳ ಮಾತು ಮರಳಿ ಬಂತು, ನಿಲ್ಲಲೇ ಇಲ್ಲ. ಗೌರವ್ವ ಗದ್ದಕ್ಕೆ ಕೈಕೊಟ್ಟು ಕೇಳುತ್ತಿದ್ದರು. ಮಲ್ಲೇಶ ಯಾರು ಏನು ಬಡಿಸಿದರೂ ತಿಂದ.

ಮರಳುವಾಗ ಕಾರಿನಲ್ಲಿ ನಮ್ಮವರು ತಾವಾಗಿಯೇ ಬಾಯಿಬಿಟ್ಟರು. “ಬೀಗರು ಬಾಳ ಛಲೋ ಮನಷ್ಯಾ.”

“ಹೌದಾ? ಏನೇನು ಮಾತಾಡಿದ್ರಿ ಅಷ್ಟೊತ್ತು?”

ಮುಂದಿನ ಊರು ಬರುವವರೆಗೆ ಯೋಚಿಸಿದರು. “ಒಂದ ಸಲ, ಚಹಾ ತಗೋತೀರೇನು ಅಂದ್ರು. ತಗೊಂಡೆ.”

ಗಂಡಸರಿಗೆ ಅರ್ಧ ಕಪ್ ಚಹಾದಲ್ಲಿ ಆಗಿಹೋದ ಬೀಗತನಕ್ಕೆ ನಾವು ಹೆಂಗಸರು ಇಡೀ ಹೊಳೆಯ ನೀರು ಕುಡಿಯಬೇಕಿತ್ತೇ?