ಬಕೆಟ್‌ಗೆ ಮರಳಿದ ಏಡಿಗಳು

ಶಾರದಕ್ಕ, ನಿಮ್ಮ ಮಗಳು ಅಂದು ಉಂಡ ಸಾರಿನಲ್ಲಿ ನಾನು ವಿಷ ಚುಚ್ಚಿದ ಏಡಿಗಳಿದ್ದವು. ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ.

ಹೊಸೂರಿನ ಲ್ಯಾಬ್‌ನಲ್ಲಿ ನಾವಿಬ್ಬರೂ ಒಂದೇ ಮೇಜಿನ ಸಂಶೋಧಕರು. ಬಾಗಲೂರಿನ ಗದ್ದೆಗಳಿಂದ ಏಡಿ ತರುತ್ತಿದ್ದವರು ನೀವು. ಅವಕ್ಕೆ ಅನಿಮೋನ್ ಎಂಬ ಕಡಲಜೀವಿಯ ವಿಷ ಚುಚ್ಚಿ, ಹೇಗೆ ವರ್ತಿಸುತ್ತವೆಂದು ನೋಡುತ್ತಿದ್ದವನು ನಾನು. ಚುಚ್ಚಿದವು ಹೂಳುವ ಗುಂಡಿಗೆ, ಚುಚ್ಚದೆ ಉಳಿದವು ನಿಮ್ಮ ಮನೆಗೆ — ಇದು ನಮ್ಮ ನಡುವಿನ ಮಾತು.

ಆ ವಿಷ ಏನು ಮಾಡುತ್ತದೆಂಬುದು ಈಗಲೂ ಕಣ್ಣ ಮುಂದಿದೆ. ಏಡಿಯ ಕಾಲುಗಳು ಸೆಟೆದುಕೊಳ್ಳುತ್ತವೆ, ಮೈಯೆಲ್ಲ ನಡುಗುತ್ತದೆ, ಇಕ್ಕುಳಗಳು ಬರಿ ಗಾಳಿಯನ್ನು ಕಚ್ಚುತ್ತವೆ. ಕೆಲವು ತಮ್ಮ ಕಾಲನ್ನು ತಾವೇ ಕಳಚಿ ಬಿಸಾಡುತ್ತವೆ. ಆದರೆ ಪ್ರಮಾಣ ಕಡಿಮೆಯಿದ್ದರೆ — ನನ್ನನ್ನು ಕೆಡಿಸಿದ್ದು ಇದೇ — ಸತ್ತಂತೆ ಬಿದ್ದದ್ದು ಎದ್ದು, ಏನೂ ಆಗಲಿಲ್ಲವೆಂಬಂತೆ ನಡೆಯತೊಡಗುತ್ತದೆ. ಹಾಗೆ ಎದ್ದವನ್ನು ನಾನು ಚುಚ್ಚದವುಗಳ ಬಕೆಟ್‌ಗೇ ಹಾಕುತ್ತಿದ್ದೆ. ಬಿಸಿಲುಕಾಲ, ಏಡಿ ಸಿಗುವುದೇ ಕಷ್ಟ. ಹೊಸವೆಂದು ಅವನ್ನೇ ಮತ್ತೆ ಬಳಸುತ್ತಿದ್ದೆ. ನನ್ನ ಪಿಎಚ್‌ಡಿ ಗೈಡ್‌ಗೆ ತಿಳಿದರೆ ಇಡೀ ಕೆಲಸ ಮೊದಲಿನಿಂದ.

ಅಂದು ಸಂಜೆ ನಾನು ಚಹಾ ಕುಡಿದು ಬರುವಷ್ಟರಲ್ಲಿ ನೀವು ಬಕೆಟ್ಟನ್ನು ಚೀಲಕ್ಕೆ ಸುರಿದುಕೊಳ್ಳುತ್ತಿದ್ದಿರಿ.

"ಪಾಪೂಗೆ ಕೆಮ್ಮು ಕಣ್ಲಾ, ಎದೆ ಗೊರ್ ಗೊರ್ ಅಂತದೆ. ಏಡಿಕಾಯಿ ಸಾರು ಮಾಡ್ಕೊಡ್ತೀನಿ. ಇವೆಲ್ಲ ಚುಚ್ಚದಿರೋವೇ ತಾನೆ?"

"ಹೂಂ ಅಕ್ಕ."

ಮರುದಿನ ಬೆಳಿಗ್ಗೆ ನೀವು ಡಬ್ಬಿ ತಂದು ನನ್ನ ಮುಂದಿಟ್ಟಿರಿ. "ರಾತ್ರಿ ಉಣ್ಣದಂಗೇ ಮಲಗ್ಬುಟ್ಲು. ಮಧ್ಯಾಹ್ನ ಹೋಗಿ ಉಣ್ಣಿಸ್ತೀನಿ. ನೀನೂ ಒಂಚೂರು ಕುಡಿ, ಬಿಸಿ ಐತೆ."

ಅಂದರೆ — ಮಗು ಇನ್ನೂ ತಿಂದಿರಲಿಲ್ಲ. ಹೇಳಲು ಇಡೀ ಬೆಳಿಗ್ಗೆ ನನ್ನ ಕೈಯಲ್ಲಿತ್ತು.

"ನನಗೆ ಹರಕೆ ಇದೆ ಅಕ್ಕ, ಮಾಂಸ ಮುಟ್ಟಲ್ಲ," ಎಂದೆ.

"ಹೋದ್ವಾರ ನನ್ನ ಡಬ್ಬಿ ಬಿರಿಯಾನಿ ನೆಕ್ಕಿದೋನ್ಗೆ ಯಾವ ಹರಕೆನಪ್ಪಾ?" ಎಂದು ನಕ್ಕಿರಿ. ನಾನೂ ನಕ್ಕೆ. ಅಕ್ಕ, ನಾನೂ ನಕ್ಕೆ.

ಮಧ್ಯಾಹ್ನ ನೀವು ಬಾಗಲೂರಿನ ಬಸ್ಸು ಹತ್ತಿದಿರಿ. ನಿಮ್ಮ ನಂಬರು ತೆರೆದು ನೋಡುತ್ತ ಕೂತೆ. ಒತ್ತಲಿಲ್ಲ. ಕಣ್ಣು ಮುಚ್ಚಿದರೆ ಮೇಜಿನ ಮೇಲೆ ನಡುಗುತ್ತಿದ್ದದ್ದು ಏಡಿಯಾಗಿರಲಿಲ್ಲ —

ಸೋಮವಾರ ಬಂದು, ಕೆಮ್ಮು ಇಳಿಯಿತು ಎಂದಿರಿ. ಅವಳಿಗೆ ಏನೂ ಆಗಲಿಲ್ಲ. ಕುದಿತದಲ್ಲಿ ವಿಷ ಹೋಯಿತೋ, ಮೊದಲೇ ಅಷ್ಟು ಕಡಿಮೆಯಿತ್ತೋ — ನನಗೆ ಗೊತ್ತಿಲ್ಲ. ಅಂದೂ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಅವಳನ್ನು ಉಣ್ಣಲು ಬಿಟ್ಟೆ. ಅವಳು ಉಳಿದದ್ದರಲ್ಲಿ ನನ್ನ ಪಾಲು ಏನೂ ಇಲ್ಲ.

ನನ್ನ ಪ್ರಬಂಧಕ್ಕೆ ಪದವಿ ಬಂದು ವರ್ಷಗಳಾದವು. ನಿನ್ನೆ ಗೈಡ್‌ಗೆ ಫೋನ್ ಮಾಡಿ, ಏಡಿಗಳನ್ನು ಮತ್ತೆ ಮತ್ತೆ ಬಳಸಿದ್ದನ್ನು ಒಪ್ಪಿಕೊಂಡೆ. ಫೋನ್ ಇಟ್ಟ ಮೇಲೆ ಹೊಳೆಯಿತು — ಇಷ್ಟು ವರ್ಷ ತಡೆದು ಕೊನೆಗೆ ಬಾಯಿ ಬಿಟ್ಟಾಗಲೂ ನಾನು ಮೊದಲು ಹೇಳಿದ್ದು ಪ್ರಬಂಧದ ಸುಳ್ಳನ್ನು, ನಿಮ್ಮ ಮಗಳ ವಿಷಯವನ್ನಲ್ಲ.